ಪದ್ಯ, ವ್ಯಾಕರಣ, ಭಾಷಣ: ಮೂರನ್ನೂ ಕೂಡಿಸಿ ಇಂಗ್ಲಿಷ್ ಕಲಿಸಿದ ನನ್ನ ಅನುಭವ

ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡಲು ಆರಂಭಿಸಿದ ಮೊದಲ ವರ್ಷಗಳಲ್ಲಿ ನಾನು ಪದ್ಯಕ್ಕೊಂದು ದಿನ, ವ್ಯಾಕರಣಕ್ಕೊಂದು ದಿನ ಎಂದು ವಾರವನ್ನು ಹಂಚಿಕೊಂಡಿದ್ದೆ. ಪದ್ಯದ ದಿನ ಸಾರಾಂಶವನ್ನು ಕನ್ನಡದಲ್ಲಿ ಹೇಳಿ ಬರೆಸುತ್ತಿದ್ದೆ. ವ್ಯಾಕರಣದ ದಿನ ಕರ್ತರಿಯಿಂದ ಕರ್ಮಣಿಗೆ ಬದಲಿಸುವ ವಾಕ್ಯಗಳನ್ನು ಹಲಗೆಯ ತುಂಬ ಬರೆಯುತ್ತಿದ್ದೆ. ಮಕ್ಕಳು ಪರೀಕ್ಷೆಯಲ್ಲಿ ಆ ವಾಕ್ಯಗಳನ್ನು ಸರಿಯಾಗಿಯೇ ಬದಲಿಸುತ್ತಿದ್ದರು, ಆದರೆ ಸ್ವಂತದ್ದೊಂದು ವಾಕ್ಯವನ್ನು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಿದ್ದರು. ಈ ಹಂಚಿಕೆಯೇ ಸರಿಯಿಲ್ಲವೆಂದು ನನಗೆ ತಿಳಿಸಿಕೊಟ್ಟದ್ದು ಒಂದೇ ಒಂದು ಪದ.

ಹತ್ತನೇ ತರಗತಿಗೆ ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದ ನ್ಯಾಯಾಲಯದ ದೃಶ್ಯದಲ್ಲಿ ಪೋರ್ಷಿಯಾ ಕರುಣೆಯನ್ನು ಕುರಿತು ಆಡುವ ಮಾತುಗಳನ್ನು ಪಾಠ ಮಾಡುತ್ತಿದ್ದೆ. ‘ದಿ ಕ್ವಾಲಿಟಿ ಆಫ್ ಮರ್ಸಿ ಈಸ್ ನಾಟ್ ಸ್ಟ್ರೇನ್ಡ್’ ಎಂಬ ಮೊದಲ ಸಾಲಿಗೆ ಒಬ್ಬ ವಿದ್ಯಾರ್ಥಿ ತನ್ನ ನೋಟುಬುಕ್ಕಿನಲ್ಲಿ ‘ಕರುಣೆಯ ಗುಣವನ್ನು ಸೋಸಿಲ್ಲ’ ಎಂದು ಅರ್ಥ ಬರೆದಿದ್ದ. ಅವನು ನಿಘಂಟು ನೋಡಿಯೇ ಬರೆದಿದ್ದ. ಚಹಾ ಸೋಸುವುದಕ್ಕೂ ಇಂಗ್ಲಿಷಿನಲ್ಲಿ ‘ಸ್ಟ್ರೇನ್’ ಎಂಬ ಅದೇ ಪದ. ಅವನಿಗೆ ಸರಿಯಾದ ಅರ್ಥ ತೋರಿಸಲು ನಾನು ಆ ಮಾತಿನ ಹಿಂದಿನ ಸಾಲಿಗೆ ಹೋಗಬೇಕಾಯಿತು. ಸಾಲ ತೀರದ್ದಕ್ಕೆ ದಂಡ ಕೇಳುತ್ತಿರುವ ಲೇವಾದೇವಿಗಾರ ಶೈಲಾಕ್ ಕರುಣೆ ತೋರಲೇಬೇಕು ಎಂದು ಪೋರ್ಷಿಯಾ ಹೇಳಿದಾಗ ಅವನು, ಯಾವ ಬಲವಂತಕ್ಕಾಗಿ ತೋರಬೇಕು, ಅದನ್ನು ಹೇಳಿ ಎಂದು ಕೇಳುತ್ತಾನೆ. ಅದಕ್ಕೆ ಉತ್ತರವಾಗಿ ಆಕೆ, ಕರುಣೆ ಬಲವಂತಕ್ಕೆ ಬರುವಂಥದ್ದಲ್ಲ, ಅದು ಆಕಾಶದಿಂದ ಮೆಲ್ಲನೆ ಸುರಿಯುವ ಮಳೆಯಂತೆ ಇಳಿಯುತ್ತದೆ ಎನ್ನುತ್ತಾಳೆ. ಪ್ರಶ್ನೆ ಕೇಳಿಸಿದ ಮೇಲೆ ಆ ಹುಡುಗನೇ ‘ಸೋಸಿಲ್ಲ’ ಎಂಬುದನ್ನು ಹೊಡೆದುಹಾಕಿದ.

ಅಂದಿನಿಂದ ವ್ಯಾಕರಣವನ್ನು ಆ ಪದ್ಯದೊಳಗಿಂದಲೇ ಎತ್ತಿಕೊಳ್ಳತೊಡಗಿದೆ. ಅದೇ ಪದ್ಯದಲ್ಲಿ ‘ಡ್ರಾಪೆತ್’, ‘ಬ್ಲೆಸೆತ್’ ಎಂಬ ಕ್ರಿಯಾಪದಗಳಿವೆ. ನಮ್ಮ ಮಕ್ಕಳು ಅತಿ ಹೆಚ್ಚು ತಪ್ಪುವುದು ಪ್ರಥಮ ಪುರುಷ (ಅವನು, ಅವಳು, ಅದು) ಏಕವಚನದ ಕ್ರಿಯಾಪದಕ್ಕೆ ‘ಎಸ್’ ಹಚ್ಚುವುದರಲ್ಲಿ. ಕನ್ನಡದಲ್ಲಿ ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ ಎಂದು ಪ್ರತಿಯೊಂದಕ್ಕೂ ಬೇರೆ ಪ್ರತ್ಯಯವಿದೆ. ಇಂಗ್ಲಿಷ್ ಅವುಗಳಲ್ಲಿ ಹೆಚ್ಚಿನವನ್ನು ಕಳೆದುಕೊಂಡು, ವರ್ತಮಾನ ಕಾಲದಲ್ಲಿ ಇದೊಂದನ್ನು ಉಳಿಸಿಕೊಂಡಿದೆ, ಶೇಕ್ಸ್‌ಪಿಯರನ ಕಾಲದಲ್ಲಿ ‘ಎತ್’ ಮತ್ತು ‘ಎಸ್’ ಎರಡೂ ಬಳಕೆಯಲ್ಲಿದ್ದು ಕೊನೆಗೆ ‘ಎಸ್’ ನಿಂತಿತು ಎಂದು ಹೇಳಿದಾಗ, ಹಳಗನ್ನಡದ ‘ಬಂದಂ’ ಈಗ ‘ಬಂದನು’ ಆದ ಹಾಗೆಯೇ ಸರ್ ಎಂದು ಒಬ್ಬಳು ಕೇಳಿದಳು. ಪೂರ್ತಿ ಹಾಗೆಯೇ ಅಲ್ಲ, ಆದರೆ ಭಾಷೆ ಬದಲಾಗುತ್ತದೆ ಎಂಬ ಅರಿವು ಅವಳಿಗೆ ಕನ್ನಡದ ತರಗತಿಯಿಂದಲೇ ಬಂದಿತ್ತು. ಅದನ್ನು ಇಂಗ್ಲಿಷ್ ತರಗತಿಯಲ್ಲಿ ಬಳಸಿಕೊಳ್ಳದೆ ನಾನು ಇಷ್ಟು ವರ್ಷ ಕಳೆದೆನಲ್ಲ ಎಂದು ನಿಜವಾಗಿಯೂ ನೊಂದುಕೊಂಡೆ.

ಲಯಕ್ಕೂ ಇದೇ ದಾರಿ ಹಿಡಿದೆ. ಲಘು ಗುರು ಹಾಕಿ ಪ್ರಸ್ತಾರ ಮಾಡುವುದು ಮಕ್ಕಳಿಗೆ ಗೊತ್ತಿತ್ತು. ಇಂಗ್ಲಿಷಿನಲ್ಲಿ ಅಕ್ಷರದ ಉದ್ದಕ್ಕಿಂತ ಒತ್ತು ಮುಖ್ಯವೆಂದು ಹೇಳಿ, ಒತ್ತು ಬರುವಲ್ಲಿ ಮಾತ್ರ ಬೆಂಚಿನ ಮೇಲೆ ಅಂಗೈ ತಟ್ಟಿಸಿದೆ. ಎಲ್ಲ ಅಕ್ಷರಗಳನ್ನೂ ಒಂದೇ ಸಮನೆ ಓದುವ ರೂಢಿ ನಾಲ್ಕೈದು ದಿನಗಳಲ್ಲಿ ಸಡಿಲವಾಯಿತು.

ಭಾಷಣಗಳಲ್ಲಿ ನಾನು ಹೆಚ್ಚು ದಿನ ನಿಂತದ್ದು ಅಬ್ರಹಾಂ ಲಿಂಕನ್ 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗ್‌ನ ಸೈನಿಕರ ಸ್ಮಶಾನದಲ್ಲಿ ಮಾಡಿದ ಭಾಷಣದ ಮೇಲೆ. ಅಂದು ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತನಾಡಿದ ನಂತರ ಲಿಂಕನ್ ಎದ್ದು ನಿಂತು ಎರಡೇ ನಿಮಿಷಗಳಲ್ಲಿ, ಸುಮಾರು 270 ಪದಗಳಲ್ಲಿ ಮುಗಿಸಿದರು. ‘ಫೋರ್ ಸ್ಕೋರ್ ಆ್ಯಂಡ್ ಸೆವೆನ್ ಇಯರ್ಸ್’ ಎಂಬ ಆರಂಭವನ್ನು ಮಕ್ಕಳು ಲೆಕ್ಕ ಮಾಡಿಯೇ ಬಿಡಿಸಿದರು: ನಾಲ್ಕು ಇಪ್ಪತ್ತು, ಮೇಲೇಳು, ಒಟ್ಟು 87, 1863ರಲ್ಲಿ ಕಳೆದರೆ 1776, ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ವರ್ಷ. ನೂರು ವರ್ಷಗಳ ನಂತರ, 1963ರ ಆಗಸ್ಟ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಲಿಂಕನ್ ಸ್ಮಾರಕದೆದುರು ನಿಂತು ‘ಫೈವ್ ಸ್ಕೋರ್ ಇಯರ್ಸ್ ಅಗೋ’ ಎಂದದ್ದು ಏಕೆಂದು ಆಮೇಲೆ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಲಿಂಕನ್ ಭಾಷಣದ ಕೊನೆಯ ವಾಕ್ಯವೊಂದೇ ಸುಮಾರು 80 ಪದಗಳದ್ದು. ಅದರ ತುದಿಯಲ್ಲಿರುವ ‘ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್’ ಎಂಬುದು ನನ್ನ ಪಾಲಿಗೆ ಪ್ರಿಪೊಸಿಷನ್ನಿನ ಅತ್ಯುತ್ತಮ ಪಾಠ. ಇದನ್ನು ಕನ್ನಡದ ಷಷ್ಠಿ, ತೃತೀಯಾ, ಚತುರ್ಥಿ ವಿಭಕ್ತಿಗಳ ಪಕ್ಕದಲ್ಲಿ ಬರೆಸಿದೆ: ಪ್ರಜೆಗಳ, ಪ್ರಜೆಗಳಿಂದ, ಪ್ರಜೆಗಳಿಗಾಗಿ. ನಮ್ಮಲ್ಲಿ ನಾಮಪದದ ಕೊನೆಗೆ ಅಂಟಿಕೊಂಡು ಬರುವುದು ಅವರಲ್ಲಿ ಬಿಡಿ ಪದವಾಗಿ ನಾಮಪದಕ್ಕೆ ಮೊದಲೇ ಬರುತ್ತದೆ ಎಂಬುದನ್ನು ಯಾವ ನಿಯಮವೂ ಇಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ.

ಆ ವಾಕ್ಯವನ್ನು ಗಟ್ಟಿಯಾಗಿ ಓದುವಾಗ ಒತ್ತನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಬಂತು. ಆ ಕಾಲದಲ್ಲಿ ಧ್ವನಿಮುದ್ರಣ ಇರಲಿಲ್ಲವಾದ್ದರಿಂದ ಲಿಂಕನ್ ಹೇಗೆ ನುಡಿದರೆಂದು ಕೇಳಿ ತಿಳಿಯುವಂತಿಲ್ಲ. ಅರ್ಧ ತರಗತಿ ‘ಆಫ್’, ‘ಬೈ’, ‘ಫಾರ್’ಗಳನ್ನು ಒತ್ತಿ ಓದಿತು; ಇನ್ನರ್ಧ ‘ಪೀಪಲ್’ ಅನ್ನು ಮೂರು ಸಲವೂ ಒತ್ತಿತು. ಎರಡನ್ನೂ ನಾನು ಹಲವು ಬಾರಿ ಓದಿಸಿದೆ. ಕಿಟಕಿಯ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು, ಕನ್ನಡದಲ್ಲಿ ಹೇಳಿದರೆ ‘ಪ್ರಜೆ’ ಎಂಬುದೇ ಮೂರು ಸಲವೂ ಮೊದಲು ಕಿವಿಗೆ ಬೀಳುತ್ತದೆ, ಹಾಗಾಗಿ ತಾನು ‘ಪೀಪಲ್’ ಅನ್ನೇ ಒತ್ತುತ್ತೇನೆ ಎಂದಳು. ಗಂಟೆ ಹೊಡೆದ ಮೇಲೂ ಇನ್ನೊಂದು ಬೆಂಚಿನವರು ಅವಳೊಂದಿಗೆ ವಾದಿಸುತ್ತಲೇ ಹೊರಗೆ ಹೋದರು.