ಫಿಲ್ಮ್ ನಿಲ್ಲಿಸಿದ ಮೇಲೆ ಪಾಠ ಶುರುವಾಯಿತು

"ಎಂತ ಮೇಷ್ಟ್ರೇ, ಕಾಲೇಜನ್ನ ಟಾಕೀಸ್ ಮಾಡ್ತೀರಾ?" ಸ್ಟಾಫ್ ರೂಮಿನಲ್ಲಿ ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ಹೊಸನಗರ ತಾಲ್ಲೂಕಿನ ನಮ್ಮ ಪಿಯು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಹೇಳುವವನು. ಹವಾಮಾನ ನೀತಿಯ ಚರಿತ್ರೆಯನ್ನು ಸಾಕ್ಷ್ಯಚಿತ್ರ ಇಟ್ಟುಕೊಂಡು ಕಲಿಸಲು ಹೊರಟು ನಾಲ್ಕು ವರ್ಷವಾಯಿತು. ಮೊದಲ ಎರಡು ವರ್ಷ ಪೂರ್ತಿ ಸೋತೆ. ಮೂರನೇ ವರ್ಷ ಕೈಗೂಡಿತು. ಮೊನ್ನೆ ಅದೇ ಸ್ಟಾಫ್ ರೂಮಿನವರೊಬ್ಬರು ತಮ್ಮ ಇತಿಹಾಸದ ಕ್ಲಾಸಿಗೆ ನನ್ನ ಪ್ರೊಜೆಕ್ಟರ್ ಕೇಳಿಕೊಂಡು ಬಂದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲ ವರ್ಷ, ಭೂಮಿ ಬಿಸಿಯಾಗುವ ಬಗ್ಗೆ ಅಮೆರಿಕದ ಮಾಜಿ ಉಪಾಧ್ಯಕ್ಷ ಆಲ್ ಗೋರ್ ಅವರ ‘ಆನ್ ಇನ್‌ಕನ್ವೀನಿಯೆಂಟ್ ಟ್ರೂತ್’ ಪೂರ್ತಿ ಹಾಕಿದೆ. ಒಂದೂವರೆ ಗಂಟೆಗೂ ಜಾಸ್ತಿ. ಊಟದ ನಂತರದ ಪೀರಿಯಡ್ಡು, ಹೊರಗೆ ಆಷಾಢದ ಮಳೆ, ಒಳಗೆ ಕತ್ತಲೆ. ಅರ್ಧ ಗಂಟೆಯಲ್ಲಿ ಹಿಂದಿನ ಎರಡು ಬೆಂಚು ಮಲಗಿತು. ವಾರ ಬಿಟ್ಟು, ಏನು ನೆನಪಿದೆ ಬರೀರಿ ಅಂದೆ. ಅರವತ್ತು ಮಕ್ಕಳಲ್ಲಿ ನಲವತ್ತು ಜನ ಬರೆದದ್ದು ಹಿಮಕರಡಿ, ಪಾಪ. ಹೊಗೆ ಕಡಿಮೆ ಮಾಡಲು ದೇಶಗಳು ಮಾಡಿಕೊಂಡ ಕ್ಯೋಟೋ ಒಪ್ಪಂದದ ಹೆಸರು ಒಬ್ಬರೂ ಬರೆಯಲಿಲ್ಲ. 2007ರಲ್ಲಿ ಲಂಡನ್ನಿನ ಹೈಕೋರ್ಟು ಈ ಚಿತ್ರದ ಬಗ್ಗೆ ತೀರ್ಪು ಕೊಟ್ಟಿತ್ತು. ಮುಖ್ಯ ವಿಜ್ಞಾನ ಸರಿಯಾಗಿದೆ, ಶಾಲೆಯಲ್ಲಿ ತೋರಿಸಬಹುದು, ಆದರೆ ಒಂಬತ್ತು ಕಡೆ ಎಚ್ಚರಿಕೆ ಬೇಕು ಅಂತ. ಆ ಒಂಬತ್ತರಲ್ಲಿ ಹಿಮಕರಡಿಯೂ ಒಂದು! ನನ್ನ ಮಕ್ಕಳು ಸರಿಯಾಗಿ ಅದನ್ನೇ ಹಿಡಿದುಕೊಂಡಿದ್ದರು.

ಎರಡನೇ ವರ್ಷ ಸಣ್ಣ ಸಣ್ಣ ತುಣುಕು ಹಾಕಿದೆ. ಒಂದೊಂದು ಸಮ್ಮೇಳನಕ್ಕೆ ಒಂದೊಂದು. ಗೈಡ್ ಓದಿದ ಹಾಗಾಯಿತು. ದುಡ್ಡೂ ಹೋಯಿತು. ಶಿವಮೊಗ್ಗದಿಂದ ತಂದ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ಹದಿಮೂರು ಸಾವಿರ ಚಿಲ್ಲರೆ. ಮಳೆಗಾಲದ ಥಂಡಿಗೆ ಲೆನ್ಸಿಗೆ ಬೂಷ್ಟು ಹಿಡಿಯಿತು. ಕ್ಲೀನ್ ಮಾಡಿಸಲು ಒಂದೂವರೆ ಸಾವಿರ, ಮುಂದೆ ಲ್ಯಾಂಪು ಹೋಗಿ ಇನ್ನು ನಾಲ್ಕೂವರೆ. ಇನ್ವರ್ಟರ್ ಬ್ಯಾಟರಿ ಬೇರೆ. ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ, ಹೆಚ್ಚಿನದು ನನ್ನ ಸಂಬಳದ್ದೇ. ಈಗ ಪ್ರೊಜೆಕ್ಟರನ್ನು ಮರದ ಪೆಟ್ಟಿಗೆಯಲ್ಲಿಟ್ಟು ಒಳಗೊಂದು ಸಣ್ಣ ಬಲ್ಬು ಉರಿಸಿಡುತ್ತೇನೆ. ಬೂಷ್ಟು ಮತ್ತೆ ಬಂದಿಲ್ಲ. ಪರದೆ ಕೊಳ್ಳಲಿಲ್ಲ, ಗೋಡೆಗೆ ಬಿಳಿ ಡಿಸ್ಟೆಂಪರ್ ಹೊಡೆಸಿದೆ. ಕಿಟಕಿಗೆ ಗೋಣಿಚೀಲ, ಎರಡು ಪದರ.

ದಾರಿ ಸಿಕ್ಕಿದ್ದು ಮಾಲ್ಡೀವ್ಸ್ ದೇಶದ ಆಗಿನ ಅಧ್ಯಕ್ಷ ನಶೀದ್ ಬಗೆಗಿನ ‘ದಿ ಐಲೆಂಡ್ ಪ್ರೆಸಿಡೆಂಟ್’ ಹಾಕಿದ ದಿನ. ಸಮುದ್ರದ ತಳದಲ್ಲಿ ಕ್ಯಾಬಿನೆಟ್ ಮೀಟಿಂಗ್ ಮಾಡಿದರಲ್ಲ, 2009ರಲ್ಲಿ, ಅವರೇ. ಕೋಪನ್‌ಹೇಗನ್ ಹವಾಮಾನ ಮಾತುಕತೆ ಬಿಗಿಯಾಗುತ್ತಿದ್ದಾಗಲೇ ಕರೆಂಟು ಹೋಯಿತು. ಬ್ಯಾಟರಿಯೂ ಕೈಕೊಟ್ಟಿತು. "ಸರ್, ಆಮೇಲೆ ಎಂತ ಆಯ್ತು?" ಅಂತ ಇಡೀ ಕ್ಲಾಸು ಎದ್ದು ಕೂತಿತು. ನೀವೇ ಹೇಳಿ ಅಂದೆ. ವೇಷ ಇಲ್ಲದೆ ಕೂತು ಪಾತ್ರವಾಗಿ ವಾದ ಮಾಡುವ ತಾಳಮದ್ದಲೆಯ ಹಾಗೆ ಕೂರಿಸಿದೆ. ಒಬ್ಬಳು ಮಾಲ್ಡೀವ್ಸ್, ಒಬ್ಬ ಅಮೆರಿಕ, ಒಬ್ಬ ಚೀನಾ, ಇಬ್ಬರು ಭಾರತ. ಸಂಧಾನದ ಪ್ರಸಂಗ ಕೇಳುತ್ತಲೇ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೇ? ಬೆಲ್ ಹೊಡೆದರೂ ಏಳಲಿಲ್ಲ.

ಅಂದಿನಿಂದ ಇದೇ ಪದ್ಧತಿ. ಆರೇಳು ನಿಮಿಷದ ತುಣುಕು, ತೀರ್ಮಾನ ಆಗುವ ಮುಂಚೆ ನಿಲ್ಲಿಸು, ಇಪ್ಪತ್ತು ನಿಮಿಷ ಆಯಾ ದೇಶವಾಗಿ ಅರ್ಥ ಹೇಳಿಸು, ಕೊನೆಗೆ ನಿಜವಾಗಿ ನಡೆದದ್ದನ್ನು ನಾನೇ ಎರಡು ಮಾತಿನಲ್ಲಿ ಹೇಳುವುದು. ಚಿತ್ರದ ಕೊನೆ ತೋರಿಸುವುದೇ ಇಲ್ಲ. ಕೊನೆ ನೋಡಿದರೆ ಎಲ್ಲ ಹಾಗೇ ಆಗಬೇಕಿತ್ತು ಅನಿಸಿಬಿಡುತ್ತೆ. ಚರಿತ್ರೆಗೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಉದಾಹರಣೆಗೆ, 1997ರ ಡಿಸೆಂಬರಿನಲ್ಲಿ ಕ್ಯೋಟೋ. ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಸೆನೆಟ್ಟು, ಬಡ ದೇಶಗಳಿಗೂ ಕಟ್ಟುಪಾಡು ಇಲ್ಲದ ಒಪ್ಪಂದ ಬೇಡ ಅಂತ 95–0 ಮತದಲ್ಲಿ ಹೇಳಿತ್ತು. ಅಮೆರಿಕ ಆದ ಹುಡುಗನ ಕೈಗೆ ಈ ಅಂಕಿಯ ಚೀಟಿ ಮಾತ್ರ ಕೊಡುತ್ತೇನೆ. ಅವನ ಮುಖ ನೋಡಬೇಕು ಆಗ.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು 2021ರ ಗ್ಲಾಸ್ಗೋ. ಅದಕ್ಕೆ ಚಿತ್ರ ಬೇಡ, ಸಮ್ಮೇಳನದ ಕೊನೆಯ ಸಭೆಯ ದೃಶ್ಯವೇ ಸಾಕು. ಕಲ್ಲಿದ್ದಲನ್ನು ‘ನಿಲ್ಲಿಸುತ್ತಾ ಹೋಗುವುದು’ ಅಂತ ಇದ್ದದ್ದನ್ನು ಕೊನೇ ಗಳಿಗೆಯಲ್ಲಿ ‘ಕಡಿಮೆ ಮಾಡುತ್ತಾ ಹೋಗುವುದು’ ಅಂತ ಬದಲಿಸಲು ನಮ್ಮ ದೇಶ ಕೇಳಿತು. ಬದಲಾಯಿತು. ಸಭೆಯ ಅಧ್ಯಕ್ಷ ಅಲೋಕ್ ಶರ್ಮಾ ಕ್ಷಮೆ ಕೇಳುತ್ತಾ ಗಂಟಲು ಕಟ್ಟಿ ಮಾತು ನಿಲ್ಲಿಸುತ್ತಾರೆ. ಅಲ್ಲಿ ನಾನೂ ನಿಲ್ಲಿಸಿದೆ. ಬೋರ್ಡಿನ ಮೇಲೆ ಎರಡೂ ಮಾತು ಬರೆದೆ. ಒಬ್ಬ ಹುಡುಗ, "ನಮ್ಗೆ ಶರಾವತಿ ಕರೆಂಟ್ ಇದೆ ಸರ್, ರಾಯಚೂರಲ್ಲಿ ಕಲ್ಲಿದ್ದಲು ನಿಲ್ಸಿದ್ರೆ ಬೇರೆಯವ್ರಿಗೆ ಎಲ್ಲಿಂದ?" ಅಂದ. ಕಿಟಕಿ ಪಕ್ಕದ ಹುಡುಗಿ, ಮಾತೇ ಆಡದವಳು, ಎದ್ದಳು. "ಶರಾವತಿ ಕರೆಂಟಿಗೆ ಹೊಗೆ ಇಲ್ಲ. ಆದ್ರೆ ನಮ್ಮಜ್ಜನ ಗದ್ದೆ ನೀರೊಳಗಿದೆ." ಅವರದ್ದು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿದ ಊರಿನ ಮನೆತನ. ಮತಕ್ಕೆ ಹಾಕಿದಾಗ ‘ಕಡಿಮೆ’ಗೆ ಮೂವತ್ತರ ಮೇಲೆ, ‘ನಿಲ್ಲಿಸು’ವಿಗೆ ಇಪ್ಪತ್ತರ ಸುತ್ತ. ಅವಳು ಯಾವುದಕ್ಕೂ ಕೈ ಎತ್ತಲಿಲ್ಲ.

ಗೋಡೆಯುದ್ದಕ್ಕೂ ಒಂದು ನೈಲಾನ್ ಹಗ್ಗ ಕಟ್ಟಿದ್ದೇನೆ. ಬಟ್ಟೆ ಕ್ಲಿಪ್ಪಿನಲ್ಲಿ ಮೇಲೆ ಬಿಳಿ ಚೀಟಿ, ಜಗತ್ತಿನ ಪರಿಸರ, ಹವಾಮಾನ ನೀತಿಯ ಮುಖ್ಯ ವರ್ಷಗಳು: 1972, 1988, 1992, 1997, 2015. ಕೆಳಗೆ ಹಳದಿ ಚೀಟಿ, ಮಕ್ಕಳು ಮನೆಯಿಂದ ತಂದದ್ದು. ಲಿಂಗನಮಕ್ಕಿ 1964. ಮರ ಅಪ್ಪಿಕೊಂಡು ಕಡಿಯುವುದನ್ನು ತಡೆದ ಸಲ್ಕಣಿಯ ಅಪ್ಪಿಕೋ ಚಳವಳಿ 1983. 2019ರ ಆಗಸ್ಟಿನ ನೆರೆ. ಕೊಳೆ ರೋಗಕ್ಕೆ ತೋಟ ಪೂರ್ತಿ ಹೋದ ವರ್ಷ, ಅದು ಮನೆಗೊಂದು. 1972ರ ಸ್ಟಾಕ್‌ಹೋಮಿಗೆ ಪರಿಸರ ಸಮ್ಮೇಳನಕ್ಕೆ ಇಂದಿರಾ ಗಾಂಧಿ ಹೋಗಿದ್ದರು, 1976ರಲ್ಲಿ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ, ಪರಿಸರ ಕಾಪಾಡುವುದು ಸರ್ಕಾರದ ಹೊಣೆ ಅನ್ನುವ 48ಎ ವಿಧಿ ಬಂತು. ಮೊದಲೆಲ್ಲ ಈ ವಿಧಿಯನ್ನು ಹತ್ತು ಜನ ಸರಿಯಾಗಿ ಬರೆದರೆ ಹೆಚ್ಚು. ಹೋದ ಟೆಸ್ಟಿನಲ್ಲಿ ಐವತ್ತರ ಹತ್ತಿರ ಬರೆದರು, ಸ್ಟಾಕ್‌ಹೋಮ್ ಸಮೇತ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆವು. ನಮ್ಮ ಕಡೆ ಅಡಿಕೆ ತೋಟದವರು ಮಳೆ ಲೆಕ್ಕ ಬರೆದಿಡುತ್ತಾರಲ್ವಾ, ಆ ಪುಸ್ತಕಗಳ ಮೇಲೆ ಮಕ್ಕಳಿಂದ ಮೊಬೈಲಿನಲ್ಲಿ ಚಿತ್ರ ಮಾಡಿಸಿದೆ. ಹನ್ನೊಂದು ನಿಮಿಷದ್ದು. ಶೀಟಿನ ಮೇಲೆ ಬಿದ್ದ ಮಳೆ ಸದ್ದಿಗೆ ಲೆಕ್ಕ ಬರೆದ ಅಜ್ಜನ ಮಾತೇ ಕೇಳಿಸಲಿಲ್ಲ. ಎರಡನೇ ಸಲ ಮೈಕಿನ ಬದಲು ಇನ್ನೊಂದು ಫೋನನ್ನು ಅವರ ಜೇಬಿನಲ್ಲಿಟ್ಟು ರೆಕಾರ್ಡ್ ಮಾಡಿದೆವು. ಚೆನ್ನಾಗಿ ಬಂತು.

ಚಿತ್ರ ನಿಲ್ಲಿಸಿದ ತಕ್ಷಣ ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ. ಯಾವ ದೇಶ ಯಾರಿಗೆ ಅಂತ ಆರಿಸುವುದಕ್ಕೂ ಒಂದು ಲೆಕ್ಕ ಇದೆ. ಅವೆರಡನ್ನೂ ಇಲ್ಲಿ ಬರೆಯುವುದಿಲ್ಲ. ಕ್ಲಾಸಿಗೆ ಬಂದು ಕೂತವರಿಗೆ ತೋರಿಸುತ್ತೇನೆ.

ಬರುವ ಜೂನಿನಲ್ಲಿ 1987ರ ಮಾಂಟ್ರಿಯಲ್ ಒಪ್ಪಂದದಿಂದ ಶುರು ಮಾಡಬೇಕು ಅಂತಿದ್ದೇನೆ. ಓಝೋನ್ ಪದರ ಉಳಿಸಲು ಎಲ್ಲ ದೇಶವೂ ಒಪ್ಪಿ, ಒಪ್ಪಿದ್ದನ್ನು ಬಹುಮಟ್ಟಿಗೆ ನಡೆಸಿಕೊಂಡ ಒಪ್ಪಂದ ಅದು. ಪೇಟೆಯಲ್ಲಿ ಫ್ರಿಜ್ ರಿಪೇರಿ ಮಾಡುವವರನ್ನು ಕೇಳಿದ್ದೇನೆ. ಓಝೋನಿಗೆ ಹಾನಿ ಮಾಡುವ ಹಳೇ ಆರ್-12 ಗ್ಯಾಸಿನ ಖಾಲಿ ಸಿಲಿಂಡರ್ ಒಂದು ಅಟ್ಟದಲ್ಲಿದೆ, ತಂದು ಮಕ್ಕಳಿಗೆ ತೋರಿಸುತ್ತೇನೆ ಅಂದಿದ್ದಾರೆ.