ಕಬ್ಬಿಣದ ಚೌಕಟ್ಟು, ಮರದ ಹಲಗೆ: ಸರಿಸುವ ಗೇಟನ್ನು ನಾನೇ ಕಟ್ಟಿದ ಬಗೆ

ನಮ್ಮ ಬೇಲಿಯ ಬಾಯಿ 3.6 ಮೀಟರ್ ಅಗಲವಿದೆ, ಒಳಬದಿಯ ನೆಲ ಏರುಮುಖವಾಗಿದೆ. ಒಳಕ್ಕೆ ತೆರೆಯುವ ಬಾಗಿಲನ್ನು ಕೂರಿಸಿದ್ದರೆ ಅದರ ಅಡಿ ಅರ್ಧ ದಾರಿಯಲ್ಲೇ ನೆಲಕ್ಕೆ ತಾಗುತ್ತಿತ್ತು. ಹೊರಕ್ಕೆ ತೆರೆದರೆ ದಾರಿಗೇ ಅಡ್ಡ. ಅಲ್ಲದೆ ಅಷ್ಟು ಅಗಲದ ಒಂದೇ ಬಾಗಿಲನ್ನು ಕೀಲಿಗೆ ತೂಗುಹಾಕಿದರೆ ಅದರ ಭಾರವೆಲ್ಲ ಒಂದೇ ಕಂಬವನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತದೆ, ಕಂಬ ಕೂದಲೆಳೆಯಷ್ಟು ವಾಲಿದರೂ ಬಾಗಿಲಿನ ತುದಿ ನೆಲ ಕೆರೆಯತೊಡಗುತ್ತದೆ. ಸರಿಸುವ ಗೇಟಿನಲ್ಲಿ ಭಾರವನ್ನು ನೆಲವೇ ಹೊರುತ್ತದೆ. ಗೇಟು ಪಕ್ಕಕ್ಕೆ ವಾಲದಂತೆ ನೋಡಿಕೊಳ್ಳುವುದಷ್ಟೇ ಕಂಬಗಳ ಪಾಲಿಗೆ ಉಳಿಯುತ್ತದೆ. ಬೇಲಿಯ ಉದ್ದಕ್ಕೂ ಹಿಂದಕ್ಕೆ ನಾಲ್ಕು ಮೀಟರಿನಷ್ಟು ನೇರ ಜಾಗ ಇದ್ದುದರಿಂದ ಹೆಚ್ಚು ಯೋಚಿಸದೆ ಇದನ್ನೇ ಆರಿಸಿಕೊಂಡೆ.

ಕಬ್ಬಿಣ ತರುವ ಮೊದಲು ಕಾಗದದ ಮೇಲೆ ತೂಕದ ಲೆಕ್ಕ ಹಾಕಿದೆ, ಏಕೆಂದರೆ ಚಕ್ರ, ಹಳಿ, ಅಡಿಪಾಯ ಮೂರೂ ಆ ಒಂದು ಸಂಖ್ಯೆಯ ಮೇಲೆ ನಿಂತಿವೆ. ಬಾಯಿಯ ಎರಡೂ ಬದಿಗೆ ತಲಾ 150 ಮಿ.ಮೀ. ಹೆಚ್ಚಿಗೆ ಬರಲೆಂದು ಗೇಟಿನ ಉದ್ದವನ್ನು 3,900 ಮಿ.ಮೀ. ಎಂದೂ ಎತ್ತರವನ್ನು 1,500 ಮಿ.ಮೀ. ಎಂದೂ ಗೊತ್ತುಮಾಡಿದೆ. ಸುತ್ತಿನ ಚೌಕಟ್ಟಿಗೆ 50×50 ಮಿ.ಮೀ. ಅಳತೆಯ, 2 ಮಿ.ಮೀ. ದಪ್ಪದ ಚೌಕ ಪೈಪು ಸಾಕು. ಅದು ಮೀಟರಿಗೆ ಸುಮಾರು 3 ಕೆ.ಜಿ. ತೂಗುತ್ತದೆ. ಹಲಗೆಗಳನ್ನು ಹಿಡಿಯುವ ಮೂರು ಅಡ್ಡಪಟ್ಟಿಗಳಿಗೆ ಪೈಪಿನ ಬದಲು 35×35×5 ಮಿ.ಮೀ. ಅಳತೆಯ ಆ್ಯಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಹಾಕಿದೆ. ಪೊಳ್ಳು ಪೈಪಿಗೆ ಬೋಲ್ಟು ಬಿಗಿದರೆ ತೆಳು ಗೋಡೆ ಒಳಕ್ಕೆ ಕುಸಿಯುತ್ತದೆ, ಕೊರೆದ ರಂಧ್ರದಿಂದ ನೀರೂ ಒಳಗಿಳಿಯುತ್ತದೆ. ಆ್ಯಂಗಲ್‌ಗೆ ಈ ಎರಡು ತೊಂದರೆಯೂ ಇಲ್ಲ. ನಡುವಿನ ಎರಡು ನಿಲುವು ಪೈಪು ಮತ್ತು ಓರೆಪಟ್ಟಿಗಳು ಸೇರಿ ಕಬ್ಬಿಣವೇ 70 ಕೆ.ಜಿ. ದಾಟಿತು, 20 ಮಿ.ಮೀ. ದಪ್ಪದ ಹಲಗೆಗಳು ಇನ್ನೊಂದು 70 ಕೆ.ಜಿ. ಆದವು. ಚಕ್ರ, ಬೋಲ್ಟು ಎಲ್ಲ ಸೇರಿಸಿ 150 ಕೆ.ಜಿ. ಎಂದಿಟ್ಟುಕೊಂಡು, ತಲಾ 200 ಕೆ.ಜಿ. ಹೊರಬಲ್ಲ 100 ಮಿ.ಮೀ. ವ್ಯಾಸದ ಎರಡು ಚಕ್ರಗಳನ್ನು ತಂದೆ.

ಮೊದಲು ಮುಗಿಸಬೇಕಾದದ್ದು ಹಳಿಯ ಕೆಲಸ. ಚೌಕಟ್ಟನ್ನು ಮೊದಲೇ ಬೆಸೆದಿಟ್ಟು ಆಮೇಲೆ ಹಳಿ ಹಾಕುವವರಿದ್ದಾರೆ. ಆದರೆ ನೆಲದಲ್ಲಿ ಒಂದೆರಡು ಮಿ.ಮೀ. ಹೆಚ್ಚುಕಡಿಮೆಯಾದಾಗ ಚಕ್ರದ ಎತ್ತರವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭ, ಗಟ್ಟಿಯಾದ ಕಾಂಕ್ರೀಟನ್ನು ಹೊಂದಿಸುವುದು ಆಗದ ಮಾತು. 8 ಮೀಟರ್ ಉದ್ದ, 250 ಮಿ.ಮೀ. ಅಗಲ, 300 ಮಿ.ಮೀ. ಆಳಕ್ಕೆ ನೆಲ ತೋಡಿ, ಉದ್ದಕ್ಕೂ ಸರಳು ಹಾಸಿದೆ. ಹಳಿಗೆ 40×40×5 ಆ್ಯಂಗಲ್ ಅನ್ನು ಏಣು ಮೇಲೆ ಬರುವಂತೆ ಬೋರಲು ಹಾಕಬೇಕು. ಚಕ್ರದ ಸುತ್ತ ಇರುವ ವಿ ಆಕಾರದ ತೋಡಿನ ಕೋನ 90 ಡಿಗ್ರಿ ಇದ್ದರೆ ಅದು ಈ ಏಣಿನ ಮೇಲೆ ಎರಡೂ ಬದಿಗೆ ಒತ್ತಿ ಕೂರುತ್ತದೆ. ಕೋನ ಬೇರೆಯಾದರೆ ಏಣು ಮಾತ್ರ ತಾಗಿ ಬೇಗ ಸವೆಯುತ್ತದೆ. ಆ್ಯಂಗಲ್‌ನ ಒಳಗೆ ಪ್ರತಿ ಅರ್ಧ ಮೀಟರಿಗೊಂದರಂತೆ 10 ಮಿ.ಮೀ. ಸರಳಿನ ತುಂಡುಗಳನ್ನು ಕಾಲಿನ ಹಾಗೆ ಬೆಸೆದೆ. ಇವು ಕಾಂಕ್ರೀಟಿನಲ್ಲಿ ಹೂತುಕೊಂಡು ಹಳಿಯನ್ನು ಹಿಡಿದಿಡುತ್ತವೆ.

ಇಲ್ಲಿ ಕಣ್ಣಿಗೆ ಬೀಳದ ಒಂದು ತೊಡಕಿದೆ. ಬೋರಲು ಆ್ಯಂಗಲ್‌ನ ಹೊಟ್ಟೆಯೊಳಕ್ಕೆ ಮೇಲಿನಿಂದ ಸುರಿದ ಕಾಂಕ್ರೀಟು ಏರುವುದಿಲ್ಲ, ಅಲ್ಲಿ ಗಾಳಿ ಉಳಿಯುತ್ತದೆ; ಆಮೇಲೆ ಗೇಟು ಹಾಯ್ದಾಗಲೆಲ್ಲ ಖಾಲಿ ಡಬ್ಬದ ಸದ್ದು ಬರುತ್ತದೆ, ನಿಂತ ನೀರಿನಿಂದ ಕಬ್ಬಿಣ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಹಿಂದಿನ ದಿನವೇ ಆ್ಯಂಗಲ್ ಅನ್ನು ಅಂಗಾತ ಮಲಗಿಸಿ, ಸರಳಿನ ಕಾಲುಗಳ ಸುತ್ತ ಸಿಮೆಂಟು ಗಾರೆಯನ್ನು ಕರಣೆಯಿಂದ ಒತ್ತಿ ತುಂಬಿಸಿದ್ದೆ. ಮರುದಿನ ಅದನ್ನು ಮಗುಚಿ, ಗೂಟಗಳ ಮೇಲೆ ನಿಲ್ಲಿಸಿ, ದಾರ ಕಟ್ಟಿ ನೇರ ನೋಡಿದೆ. 8 ಮೀಟರಿಗೆ ರಸಮಟ್ಟವನ್ನು ನಂಬುವುದು ಬೇಡ. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಎರಡೂ ತುದಿಯ ಮಟ್ಟ ನೋಡಿದಾಗ, ರಸಮಟ್ಟ ಸರಿಯಿದೆ ಎಂದು ಹೇಳಿದ್ದ ಹಳಿಯಲ್ಲಿ 11 ಮಿ.ಮೀ. ಇಳಿಜಾರು ಸಿಕ್ಕಿತು. ಕಾಂಕ್ರೀಟು ಹಾಕಿದ ಮೇಲೆ ಏಳು ದಿನ ಗೋಣಿ ಹೊದಿಸಿ ತೇವ ಆರದಂತೆ ನೋಡಿಕೊಂಡೆ, ಆ ಬಿಡುವಿನಲ್ಲಿ ಚೌಕಟ್ಟಿಗೆ ಕೈಹಾಕಿದೆ.

ಸತು ಲೇಪಿಸಿದ ಪೈಪು ತರದೆ ಸಾದಾ ಪೈಪನ್ನೇ ತಂದಿದ್ದೆ. ಸತುವಿನ ಲೇಪದ ಮೇಲೆ ಬೆಸುಗೆ ಹಾಕಿದರೆ ಏಳುವ ಬಿಳಿ ಹೊಗೆ ಉಸಿರಿಗೆ ಸೇರಿ, ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರಿಸುತ್ತದೆ. ಲೇಪವನ್ನು ಪೂರ್ತಿ ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಮುಖಕ್ಕೆ ಸರಿಯಾದ ಮಾಸ್ಕ್ ಹಾಕಿ ಬೆಸೆಯುವ ತಾಳ್ಮೆ ಇದ್ದವರು ಅದನ್ನು ಬಳಸಬಹುದು. ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿ, ಸಮತಟ್ಟು ನೆಲದ ಮೇಲೆ ಜೋಡಿಸಿ, ಪ್ರತಿ ಮೂಲೆಗೆ ಎರಡೆರಡು ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಮಾತ್ರ ಹಾಕಿ ಕರ್ಣಗಳನ್ನು ಅಳೆದೆ. 3,900 ಮತ್ತು 1,500ರ ಚೌಕಟ್ಟಿಗೆ ಕರ್ಣ 4,178 ಮಿ.ಮೀ. ಬರಬೇಕು. ನನ್ನದರಲ್ಲಿ ಒಂದು 4,181, ಇನ್ನೊಂದು 4,175 ಬಂತು. ಈ 6 ಮಿ.ಮೀ. ವ್ಯತ್ಯಾಸವೆಂದರೆ ಮೇಲಿನ ಪೈಪು ಕೆಳಗಿನದಕ್ಕಿಂತ 3 ಮಿ.ಮೀ.ಯಷ್ಟು ಪಕ್ಕಕ್ಕೆ ಸರಿದಿದೆ ಎಂದರ್ಥ. ಉದ್ದನೆಯ ಕರ್ಣದ ಮೂಲೆಗೆ ಮರದ ತುಂಡು ಕೊಟ್ಟು ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿದ ಮೇಲೆ ಎರಡೂ ಸರಿಹೋದವು. ಟ್ಯಾಕ್ ಹಂತದಲ್ಲಿ ಎರಡು ಪೆಟ್ಟಿಗೆ ಮುಗಿಯುವ ಈ ಕೆಲಸ ಪೂರ್ತಿ ಬೆಸೆದ ಮೇಲೆ ಗ್ರೈಂಡರಿನಿಂದ ಮೂಲೆಯನ್ನೇ ಬಿಚ್ಚದೆ ಆಗುವುದಿಲ್ಲ.

2 ಮಿ.ಮೀ. ಗೋಡೆಯ ಪೈಪಿಗೆ 2.5 ಮಿ.ಮೀ.ಯ, 6013 ನಮೂನೆಯ ಬೆಸುಗೆ ರಾಡು ಹಾಕಿ, ಕರೆಂಟನ್ನು 70 ಆಂಪಿಯರ್ ಆಸುಪಾಸಿನಲ್ಲಿಟ್ಟುಕೊಂಡೆ. 90ಕ್ಕೆ ಏರಿಸಿದಾಗ ರಾಡು ಓಡುವುದೇನೋ ಸಲೀಸು, ಆದರೆ ಮೂಲೆಯ ಅಂಚಿನಲ್ಲಿ ಕಬ್ಬಿಣ ಕರಗಿ ತೂತು ಬೀಳುತ್ತದೆ. ನನಗೆ ಒಂದು ಕಡೆ ಬಿತ್ತು, ಅದನ್ನು ಮುಚ್ಚಲು ಹಾಕಿದ ಚುಕ್ಕೆಗಳೆಲ್ಲ ಈಗಲೂ ಬಣ್ಣದಡಿಯಲ್ಲಿ ಗಂಟಾಗಿ ಕಾಣುತ್ತವೆ. ಹೊಸಬನ ದೊಡ್ಡ ತಪ್ಪು ಬಂದದ್ದು ಮಾತ್ರ ಆಂಪಿಯರಿನಿಂದಲ್ಲ, ಆತುರದಿಂದ. ಚೌಕಟ್ಟು ನೆಲದ ಮೇಲೆ ಮಲಗಿದ್ದಾಗ ಮೇಲ್ಮುಖವಾಗಿದ್ದ ಬೆಸುಗೆಗಳನ್ನೆಲ್ಲ ಒಂದೇ ಮಧ್ಯಾಹ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ಮುಗಿಸಿಬಿಟ್ಟೆ. ಕರಗಿದ ಲೋಹ ತಣಿಯುವಾಗ ಕುಗ್ಗುತ್ತದೆ, ಕುಗ್ಗುತ್ತ ತನ್ನ ಕಡೆಗೆ ಪೈಪನ್ನು ಎಳೆದುಕೊಳ್ಳುತ್ತದೆ. ಸಂಜೆ ಬೆಸುಗೆಯ ಮೇಲೆ ಕೂತ ಕಿಟ್ಟ ಉದುರಿಸಿ ಬ್ರಷ್ ಹಾಕುವ ಹೊತ್ತಿಗೆ ಒಂದು ಮೂಲೆ ನೆಲ ಬಿಟ್ಟು 9 ಮಿ.ಮೀ. ಮೇಲೆದ್ದಿತ್ತು. ಮರುದಿನ ಚೌಕಟ್ಟನ್ನು ಮಗುಚಿ, ಎದ್ದ ಮೂಲೆಗೆ ತುಸು ಹೆಚ್ಚೇ ಬಾಗುವಂತೆ ಅಡಿಗೆ ತುಂಡು ಕೊಟ್ಟು, ಕ್ಲ್ಯಾಂಪಿನಿಂದ ನೆಲದ ದಿಮ್ಮಿಗೆ ಬಿಗಿದು, ಹಿಂಬದಿಯ ಬೆಸುಗೆಗಳನ್ನು ಎದುರೆದುರು ಮೂಲೆಗಳಲ್ಲಿ ಒಂದೊಂದಾಗಿ ಹಾಕುತ್ತ, ನಡುವೆ ಕೈಯಿಟ್ಟು ಮುಟ್ಟುವಷ್ಟು ತಣಿಯಲು ಬಿಡುತ್ತ ಹೋದೆ. 9 ಇದ್ದದ್ದು 3 ಮಿ.ಮೀ.ಗೆ ಇಳಿಯಿತು. ಗೇಟನ್ನು ನೆಟ್ಟಗೆ ಹಿಡಿಯಲು ಮುಂದೆ ಹಾಕಲಿದ್ದ ಮೇಲಿನ ರೋಲರ್‌ಗಳ ಸಂದು ಅಷ್ಟನ್ನು ಸಹಿಸುತ್ತದೆ ಎಂದು ಅಲ್ಲಿಗೆ ನಿಲ್ಲಿಸಿದೆ.

ಪೈಪಿನ ಬಾಯಿಗಳನ್ನೆಲ್ಲ ಮುಚ್ಚಿ ಬೆಸೆದರೂ ಅಡಿಯ ಪೈಪಿನ ಕೆಳಮುಖಕ್ಕೆ 6 ಮಿ.ಮೀ.ಯ ಮೂರು ರಂಧ್ರ ಕೊರೆದೆ. ಬೆಸುಗೆಯಲ್ಲಿ ಎಲ್ಲೋ ಒಂದು ಸೂಜಿತೂತು ಉಳಿದೇ ಇರುತ್ತದೆ, ಅಲ್ಲಿ ಒಳಹೊಕ್ಕ ನೀರಿಗೆ ಹೊರದಾರಿ ಬೇಕು. ತುಕ್ಕು ತಡೆಯಲು ಎರಡು ಕೋಟು ರೆಡ್ ಆಕ್ಸೈಡ್, ಮೇಲೆ ಎರಡು ಕೋಟು ಎನಾಮೆಲ್ ಬಳಿದದ್ದು ಹಲಗೆ ಕೂರಿಸುವ ಮೊದಲೇ.

ಚಕ್ರಗಳನ್ನು ಅಡಿಯ ಪೈಪಿಗೆ ನೇರವಾಗಿ ಬೆಸೆಯಲಿಲ್ಲ. ತುದಿಯಿಂದ 400 ಮಿ.ಮೀ. ಒಳಗೆ ದಪ್ಪ ತಗಡನ್ನು ಬೆಸೆದು, ಚಕ್ರದ ಗೂಡನ್ನು ಅದಕ್ಕೆ ನಾಲ್ಕು ಬೋಲ್ಟುಗಳಿಂದ ಕಟ್ಟಿದೆ. ಬೇರಿಂಗ್ ಹೋದಾಗ ಚಕ್ರ ಬಿಚ್ಚಲೂ ಎತ್ತರ ಹೊಂದಿಸಲು ನಡುವೆ ತೆಳು ತಗಡು ತುರುಕಲೂ ಇದರಿಂದ ಸಾಧ್ಯವಾಗುತ್ತದೆ. ನನ್ನ ಹಳಿಯಲ್ಲಿ ಒಂದು ಕಡೆ 2 ಮಿ.ಮೀ. ತಗಡು ಬೇಕೇ ಆಯಿತು.

ಗೇಟು ಪಕ್ಕಕ್ಕೆ ಬೀಳದಂತೆ ತಡೆಯುವುದು ಮೇಲಿನ ನೈಲಾನ್ ರೋಲರ್‌ಗಳು. ಹಿಂಬದಿಯ ಕಂಬದ ಹತ್ತಿರ ಎರಡು ಜೊತೆ ರೋಲರ್‌ಗಳನ್ನು ಹಾಕಿದೆ, ಒಂದೊಂದು ಜೊತೆಯ ನಡುವೆ ಮೇಲಿನ ಪೈಪು ಹಾಯುತ್ತದೆ. ಇದನ್ನು ನಕ್ಷೆ ಬರೆಯುವಾಗಲೇ ನೆನಪಿಟ್ಟುಕೊಳ್ಳಬೇಕು: ಹಲಗೆಗಳನ್ನು ಮೇಲಿನ ಅಂಚಿನವರೆಗೆ ಏರಿಸಿದರೆ ರೋಲರ್‌ಗೆ ಓಡಲು ಜಾಗವಿರುವುದಿಲ್ಲ. ನಾನು ಮೇಲಿನ 60 ಮಿ.ಮೀ.ಯನ್ನು ಬರಿಗಬ್ಬಿಣವಾಗಿಯೇ ಬಿಟ್ಟಿದ್ದೇನೆ.

ರೋಲರ್‌ಗಳನ್ನು ಕೂರಿಸಿದ ದಿನ, ಇನ್ನೂ ತಡೆಗಳನ್ನು ಬೆಸೆಯದೆ, ಗೇಟು ಎಷ್ಟು ಹಗುರವಾಗಿ ಓಡುತ್ತದೆಂದು ನೋಡುವ ಚಪಲಕ್ಕೆ ಅದನ್ನು ಮುಚ್ಚುವ ಕಡೆಗೆ ದೂಡಿದೆ. ಬಾಯಿ ದಾಟಿ ಮುಂದಕ್ಕೆ ಹೋದ ಗೇಟಿನ ಹಿಂತುದಿ ಮೊದಲನೆಯ ಜೊತೆ ರೋಲರ್‌ನಿಂದ ಹೊರಬಂತು, ಎರಡನೆಯದರಿಂದ ಹೊರಬರಲು ತುಸುವೇ ಉಳಿದಿತ್ತು. ಹಲಗೆಯಿಲ್ಲದ ಬರಿಯ ಚೌಕಟ್ಟಾದರೂ ಅದು 70 ಕೆ.ಜಿ.; ವಾಲತೊಡಗಿದರೆ ಒಬ್ಬರ ಕೈಗೆ ನಿಲ್ಲುವ ವಸ್ತುವಲ್ಲ. ಸರಿಸುವ ಗೇಟು ಹಳಿ ದಾಟಿ ಮಗುಚಿ ಜನ ಸತ್ತದ್ದುಂಟು. ಅಂದೇ ಹಳಿಯ ಎರಡೂ ತುದಿಗೆ 50 ಮಿ.ಮೀ. ಎತ್ತರದ ಆ್ಯಂಗಲ್ ತಡೆಗಳನ್ನು ಬೆಸೆದೆ, ಮುಂದಿನ ಕಂಬಕ್ಕೆ ಗೇಟಿನ ಮೂತಿಯನ್ನು ಹಿಡಿಯುವ ಇಕ್ಕಳದಂಥ, ಯು ಆಕಾರದ ಚಾನೆಲ್ ಕೂರಿಸಿದೆ, ಮೇಲಿನ ಪೈಪಿಗೂ ಇನ್ನೊಂದು ತಡೆ ಹಾಕಿದೆ. ನೆಲದ ತಡೆ ಮುರಿದರೂ ಇದು ರೋಲರ್ ಗೂಡಿಗೆ ತಾಗಿ ನಿಲ್ಲುತ್ತದೆ. ಈ ಕೆಲಸ ಗೇಟನ್ನು ಹಳಿಯ ಮೇಲೆ ಎತ್ತಿಡುವ ಮೊದಲೇ ಆಗಬೇಕಿತ್ತು.

ಇಷ್ಟಾದ ಮೇಲೆ ಹಲಗೆ ಕೂರಿಸುವುದು ಬಡಗಿಯ ಸುಲಭದ ಕೆಲಸವೆಂದು ತಿಳಿದದ್ದು ನನ್ನ ಎರಡನೆಯ ದೊಡ್ಡ ತಪ್ಪು. ಹಲಗೆಗಳು 95 ಮಿ.ಮೀ. ಅಗಲದವು. ಸಂದಿನಿಂದ ಒಳಗೇನೂ ಕಾಣಬಾರದೆಂದು 41 ಹಲಗೆಗಳನ್ನು ಒಂದಕ್ಕೊಂದು ಒತ್ತಿ, ಪ್ರತಿ ಅಡ್ಡಪಟ್ಟಿಗೆ ಹಲಗೆಯ ಎರಡೂ ಅಂಚಿನಲ್ಲಿ ಒಂದೊಂದು ಸ್ಕ್ರೂ ಬಿಗಿದು ಕೂರಿಸಿದೆ. ಬೇಸಿಗೆಯಲ್ಲಿ ಅದು ಗೋಡೆಯಂತೆ ನಿಂತಿತ್ತು. ಮಳೆ ಹಿಡಿದ ಮೂರನೆಯ ವಾರ ಗೇಟಿನ ನಡುಭಾಗ ಹೊಟ್ಟೆಯಂತೆ ಉಬ್ಬಿತು, ಎರಡು ಹಲಗೆ ಸ್ಕ್ರೂ ಇದ್ದಲ್ಲೇ ಸೀಳಿದವು, ನಾಲ್ಕು ಸ್ಕ್ರೂಗಳ ತಲೆ ಹಾರಿಹೋಯಿತು.

ಮರ ತೇವ ಕುಡಿದಾಗ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕೆ ಬಾರದಷ್ಟು. ನಾರಿಗೆ ಅಡ್ಡಲಾಗಿ, ಅಂದರೆ ಅಗಲಕ್ಕೆ, ಬೆಳೆಯುತ್ತದೆ. 95 ಮಿ.ಮೀ. ಹಲಗೆ ಒಂದೂವರೆ ಮಿ.ಮೀ. ಹಿಗ್ಗಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ 41 ಹಲಗೆ ಸೇರಿದಾಗ ಅದು 60 ಮಿ.ಮೀ. ದಾಟುತ್ತದೆ. ಅತ್ತ ಕಬ್ಬಿಣದ ಚೌಕಟ್ಟಿಗೆ ಮಳೆಯೂ ಒಂದೇ ಬಿಸಿಲೂ ಒಂದೇ, ಅದು ಒಂದು ಮಿ.ಮೀ. ಜಾಗ ಬಿಟ್ಟುಕೊಡುವುದಿಲ್ಲ. ಮರದ ಚೌಕಟ್ಟಿನ ಗೇಟಾಗಿದ್ದರೆ ಕೂಡುಗಳು ತುಸು ಸಡಿಲಗೊಂಡು ಹೇಗೋ ನಿಭಾಯಿಸುತ್ತಿದ್ದವೇನೋ. ಬೆಸೆದ ಚೌಕಟ್ಟು ಸೊಟ್ಟಗಾಗದೆ ನಿಲ್ಲುತ್ತದೆಂದೇ ಅದನ್ನು ಆರಿಸಿದ್ದೆ. ಆ ಬಿಗುವೇ ಹಲಗೆಗಳನ್ನು ಸೀಳಿತು.

ಎಲ್ಲವನ್ನೂ ಬಿಚ್ಚಿ, ಸೀಳಿದ್ದನ್ನು ಬದಲಿಸಿ, ಹಲಗೆಗಳನ್ನು ನೆರಳಿನಲ್ಲಿ ನಡುವೆ ಪಟ್ಟಿ ಕೊಟ್ಟು ಪೇರಿಸಿ ಎರಡು ತಿಂಗಳು ಒಣಗಿಸಿದೆ. ಈ ಸಲ 41ರ ಜಾಗದಲ್ಲಿ 38 ಹಲಗೆ. ನಡುವಿನ 37 ಸಂದುಗಳಿಗೆ 290 ಮಿ.ಮೀ. ಸಿಕ್ಕಿತು, ಒಂದೊಂದಕ್ಕೆ 8 ಮಿ.ಮೀ.ಗೆ ಕೊಂಚ ಕಡಿಮೆ. ಮಿಕ್ಕ ಮೂರರಲ್ಲಿ ಒಂದನ್ನು 8 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಸೀಳಿಸಿ, ಹಲಗೆ ಕೂರಿಸುವಾಗ ಸಂದಿನಲ್ಲಿಟ್ಟು ಅಳತೆ ನೋಡಲು ಬಳಸಿದೆ. ಒಟ್ಟಾರೆ ಉಳಿದ ಸುಮಾರು ಆರು ಮಿ.ಮೀ. ತಪ್ಪನ್ನು ಕೊನೆಯ ಕೆಲವು ಸಂದುಗಳು ನುಂಗಿಕೊಂಡವು. ಪ್ರತಿ ಅಡ್ಡಪಟ್ಟಿಗೆ ಹಲಗೆಯ ಅಗಲದ ನಟ್ಟನಡುವೆ ಒಂದೇ ಬೋಲ್ಟು, ಹಾಗಾಗಿ ಹಲಗೆ ಎರಡೂ ಕಡೆಗೆ ಸಮನಾಗಿ ಹಿಗ್ಗಬಹುದು. ಬೋಲ್ಟು 6 ಮಿ.ಮೀ.ಯ ಸ್ಟೇನ್‌ಲೆಸ್ ಸ್ಟೀಲು, ಹಲಗೆಯ ರಂಧ್ರ 8 ಮಿ.ಮೀ. ಗುಂಡುತಲೆ ಹೊರಗೆ, ನಟ್ಟು ಒಳಗೆ; ಹೊರಗಿನಿಂದ ಯಾರೂ ಬಿಚ್ಚುವಂತಿಲ್ಲ. ಹಲಗೆಗೂ ಆ್ಯಂಗಲ್‌ಗೂ ನಡುವೆ 3 ಮಿ.ಮೀ. ರಬ್ಬರ್ ಪಟ್ಟಿ ಇಟ್ಟೆ. ಕೆಲವು ಜಾತಿಯ ಮರಗಳ ಒಗರು ತೇವದಲ್ಲಿ ಕಬ್ಬಿಣಕ್ಕೆ ತಾಗಿದರೆ ಕಪ್ಪು ಮಸಿಯಂಥ ಕಲೆ ಬಿಡುತ್ತದೆ, ಹಲಗೆಯ ಬೆನ್ನಿಗೂ ಕಬ್ಬಿಣಕ್ಕೂ ನಡುವೆ ನಿಂತ ನೀರು ಎರಡನ್ನೂ ತಿನ್ನುತ್ತದೆ. ಹಲಗೆಯ ಕತ್ತರಿಸಿದ ತುದಿಗಳು ಅದರ ಮೈಗಿಂತ ಬಹಳ ಬೇಗ ನೀರು ಹೀರುವುದರಿಂದ, ಕೆಳತುದಿಯನ್ನು ನೀರು ಇಳಿಯುವಂತೆ ಓರೆಯಾಗಿ ಕತ್ತರಿಸಿ, ಎಣ್ಣೆ ಹೀರುವುದು ನಿಲ್ಲುವ ತನಕ ಡಬ್ಬದಲ್ಲಿ ಅದ್ದಿ ನಿಲ್ಲಿಸಿದೆ.

ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿದಾಗ ಗೇಟು 4 ಕೆ.ಜಿ. ಎಳೆತಕ್ಕೆ ಹೊರಡುತ್ತದೆ. ಹಳಿಯ ಮೇಲೆ ಒಂದು ಬಟಾಣಿಯಷ್ಟು ದೊಡ್ಡ ಕಲ್ಲಿದ್ದರೆ ಮಾತ್ರ ಗಕ್ಕನೆ ನಿಲ್ಲುತ್ತದೆ, ಆದ್ದರಿಂದ ಚಕ್ರಗಳ ಮುಂದೆ ಪೊರಕೆಯ ತುಂಡೊಂದನ್ನು ಹಳಿಗೆ ತಾಗುವಂತೆ ಕಟ್ಟಿದ್ದೇನೆ. ಎರಡು ಮಳೆಗಾಲ ಕಳೆದಿವೆ. ಮೊನ್ನೆ ಅಳೆದಾಗ ಸಂದುಗಳು 6 ಮಿ.ಮೀ.ಗೆ ಇಳಿದಿದ್ದವು, ಬೇಸಿಗೆಯಲ್ಲಿ ಅವೇ 8 ದಾಟಿದ್ದವು. ಮೊದಲ ಹಲಗೆಯ ಹಿಂದೆ ರಬ್ಬರ್ ಪಟ್ಟಿಯ ಮೇಲೆ ಹಲಗೆಯ ಅಂಚು ಹೋಗಿಬಂದು ಉಜ್ಜಿದ ಒಂದು ತೆಳು ಗೆರೆ ಬಿದ್ದಿದೆ. ಅದರ ಅಗಲ ಸುಮಾರು ಒಂದು ಮಿ.ಮೀ.