ಒತ್ತಿದೆಯಾ?

ರಕ್ತದ ಓಡಾಟ ತೋರಿಸುವ ಕಾಲಿನ ಡಾಪ್ಲರ್ ಸ್ಕ್ಯಾನ್ ಕಲಿಯುವಾಗ ನನ್ನ ಗಮನವೆಲ್ಲ ಪರದೆಯ ಮೇಲಿನ ಬಣ್ಣದ ಕಡೆಗೇ. ಕೆಂಪು, ನೀಲಿ ಕಂಡರೆ ರಕ್ತ ಓಡಾಡುತ್ತಿದೆ, ಕೆಲಸ ಮುಗೀತು ಅಂದುಕೊಂಡಿದ್ದೆ.

ಒಂದು ದಿನ ಎಡಗಾಲು ಊದಿಕೊಂಡ ಟೈಲರ್ ಒಬ್ಬರು ಬಂದರು. "ನರ ಹಿಡ್ಕೊಂಡಿದೆ ಡಾಕ್ಟ್ರೇ, ಎಣ್ಣೆ ಹಚ್ಚಿದರೂ ಹೋಗಲಿಲ್ಲ" ಅಂದರು. ನಮ್ಮ ಜನ ರಕ್ತನಾಳಕ್ಕೂ ನರ ಅಂತಲೇ ಹೇಳೋದು, ಅಲ್ವಾ? ಮಂಡಿಯ ಹಿಂದೆ ಸ್ಕ್ಯಾನಿನ ಪ್ರೋಬ್ ಇಟ್ಟೆ. ವೇನ್, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ, ಅದರ ಒಳಗೆಲ್ಲ ಕಪ್ಪು. ಸ್ಕ್ಯಾನಿನಲ್ಲಿ ರಕ್ತ ಕಪ್ಪಾಗಿಯೇ ಕಾಣುತ್ತದೆ. ಸರಿ, ಏನೂ ಇಲ್ಲ ಅಂತ ಬರೆಯಲು ಹೊರಟೆ. ಹಿಂದೆ ನಿಂತಿದ್ದ ಹಿರಿಯ ಮೇಡಂ ಕೇಳಿದ್ದು ಒಂದೇ ಮಾತು: "ಒತ್ತಿದೆಯಾ?"

ಒತ್ತಿದೆ. ಜಪ್ಪಯ್ಯ ಅಂದರೂ ವೇನ್ ಮುಚ್ಚಿಕೊಳ್ಳಲಿಲ್ಲ. ಒಳಗೆ ಹೆಪ್ಪು ಕೂತಿತ್ತು. ಹೊಸ ಹೆಪ್ಪು ಕೂಡ ಕಪ್ಪಾಗಿಯೇ ಕಾಣಬಹುದು ಅಂತ ನನಗೆ ಆವತ್ತು ತಲೆಗೆ ಹೋಯಿತು.

ಈಗ ನಾನು ತೊಡೆಸಂದಿನಿಂದ ಶುರು ಮಾಡುತ್ತೇನೆ. ಅಲ್ಲಿ ಹೃದಯದಿಂದ ರಕ್ತ ತರುವ ಆರ್ಟರಿ ಹೊರಗಡೆಗೆ, ವೇನ್ ಒಳತೊಡೆಯ ಕಡೆಗೆ ಅಕ್ಕಪಕ್ಕ ಇರುತ್ತವೆ. ಪ್ರೋಬ್ ಅಡ್ಡಲಾಗಿ ಹಿಡಿದು ಒತ್ತಿದರೆ ಗೋಡೆ ತೆಳುವಾದ ವೇನ್ ಚಪ್ಪಟೆಯಾಗುತ್ತದೆ, ಆರ್ಟರಿ ದುಂಡಗೇ ಮಿಡಿಯುತ್ತಿರುತ್ತದೆ. ಬಿಟ್ಟು, ಒಂದೆರಡು ಸೆಂಟಿಮೀಟರ್ ಕೆಳಗೆ ಸರಿದು, ಮತ್ತೆ ಒತ್ತುವುದು. ಮಂಡಿ ಹಿಂದೆ ಬಂದಾಗ ಪರದೆಯಲ್ಲಿ ವೇನ್ ಮೇಲಕ್ಕೆ, ಆರ್ಟರಿ ಅದರ ಕೆಳಕ್ಕೆ. ಮೀನಖಂಡದಲ್ಲಿ ತಾಳ್ಮೆ ಬೇಕು. ಒಂದೊಂದು ಆರ್ಟರಿಯ ಜೊತೆ ಎರಡೆರಡು ಸಣ್ಣ ವೇನ್‌ಗಳು. ಹೆಪ್ಪು ಕಂಡ ಜಾಗದಲ್ಲಿ ಮಾತ್ರ ಸುಮ್ನೆ ಮತ್ತೆ ಮತ್ತೆ ಒತ್ತುವುದಿಲ್ಲ. ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಹೆಸರೂ ಒಂದು ಕಾಟ. ತೊಡೆಯ ದೊಡ್ಡ ವೇನ್‌ಗೆ ಹಿಂದೆ 'ಸೂಪರ್‌ಫಿಶಿಯಲ್ ಫೆಮೊರಲ್' ಅನ್ನುತ್ತಿದ್ದರು. ಹೆಸರಲ್ಲಿ ಮೇಲ್ಪದರ, ಇರುವುದು ಆಳದಲ್ಲಿ! ಚರ್ಮದಡಿಯ ನಾಳ ಅಂದುಕೊಂಡು ಯಾರಾದರೂ ಹೆಪ್ಪನ್ನು ಹಗುರವಾಗಿ ತೆಗೆದುಕೊಂಡರೆ ಕಥೆ ಕೆಟ್ಟಂತೆ. ನಾನು ಬರೀ 'ಫೆಮೊರಲ್ ವೇನ್' ಅಂತ ಬರೆಯುತ್ತೇನೆ.

ಮೀನಖಂಡ ಹಿಂಡಿದಾಗ ರಕ್ತ ಭರ್ರನೆ ಮೇಲೇರುವುದನ್ನು ನೋಡುವುದೇ ಒಂದು ಖುಷಿ. ನಡೆಯುವಾಗ ಸ್ನಾಯು ಮಾಡುವುದೂ ಇದನ್ನೇ. ಮೇಲೇರಿದ ರಕ್ತ ವಾಪಸ್ ಬಾರದಂತೆ ಕವಾಟಗಳು ತಡೆಯುತ್ತವೆ. ಕಾಲಿನ ರಕ್ತದಲ್ಲಿ ಹೆಚ್ಚಿನ ಪಾಲು ಹೃದಯಕ್ಕೆ ಮರಳುವುದು ಈ ಆಳದ ನಾಳಗಳಿಂದಲೇ. ಹೊಲಿಗೆ ಯಂತ್ರಕ್ಕೆ ಮೋಟಾರ್ ಹಾಕಿಸಿದ ಮೇಲೆ ಕಾಲಿಗೆ ಕೆಲಸವೇ ಇಲ್ಲ ಅಂದಿದ್ದರು ಆ ಟೈಲರ್. ಅದೇ ಕಾರಣ ಅಂತ ನಾನು ಹೇಳಲಾರೆ.

ಈಚೆಗೆ ಕಲಿಯಲು ಬಂದ ಹುಡುಗಿಯೊಬ್ಬಳು ಪರದೆ ನೋಡಿ "ನಾರ್ಮಲ್ ಇದೆ ಸರ್" ಅಂದಳು. ನನ್ನ ಬಾಯಿಂದ ಮೇಡಂ ಮಾತೇ ಬಂತು.